ಯಾವೊರಿನ್ಕಾದ ನಕ್ಷೆ

ಯಾವೊರಿನ್ಕಾ, 18 ಮೇ 2024

ಅಕ್ಕ,

ಪೆನ್ಸಿಲ್ ಚೂಪು ಮಾಡಿಕೋ. ಬಹಳ ವರ್ಷಗಳ ಮೇಲೆ ನಿನಗೊಂದು ಹೊಸ ಊರು ತಂದಿದ್ದೇನೆ.

ಫ್ಯಾಕ್ಟರಿ ಇರುವ ಪಟ್ಟಣದ ಬೆಂಕಿಪೊಟ್ಟಣದಂಥ ಫ್ಲಾಟು ಸಾಕಾಗಿ, ನಾನೂ ಪ್ರಾರ್ಥನಾಳೂ ಹೋದ ವಾರ ಈ ಯಾವೊರಿನ್ಕಾ ಎಂಬ ಹಳ್ಳಿಗೆ ಬಂದೆವು. ಜೆಕ್ ದೇಶದ ಪೂರ್ವಕ್ಕೆ, ಪೋಲೆಂಡ್ ಗಡಿಯ ಬೆಟ್ಟಗಳ ಬುಡದಲ್ಲಿದೆ. ಇನ್ನೂರು ಜನ, ಅದಕ್ಕಿಂತ ಹೆಚ್ಚು ನಾಯಿಗಳು, ಇಬ್ಬರು ಮೈಸೂರಿನವರು. ಕಾರಿನ ಬ್ರೇಕು ಪರೀಕ್ಷಿಸುವ ಎಂಜಿನಿಯರ್ ಒಬ್ಬ ಇಲ್ಲೇಕೆ ಬಂದ ಎಂದು ಊರಿಗೆ ಊರೇ ಕಿಟಕಿಯ ಪರದೆ ಸರಿಸಿ ನೋಡುತ್ತಿದೆ.

ನಮ್ಮ ಆಟದ ನಿಯಮ ಹಳೆಯದೇ. ನಾನು ಬರೀ ಮಾತಿನಲ್ಲಿ ಊರು ಹೇಳುತ್ತೇನೆ, ನೀನು ಅದರ ನಕ್ಷೆ ಬರೆದು ಫೋಟೋ ಕಳಿಸಬೇಕು, ತಪ್ಪಿದ್ದಲ್ಲಿ ನಾನು ಕೆಂಪು ಶಾಯಿ ಹಾಕುತ್ತೇನೆ. ಫೋನಿನಲ್ಲಿ ಉಪಗ್ರಹದ ಚಿತ್ರ ನೋಡಿದರೆ ಕಾಪಿ ಹೊಡೆದ ಹಾಗೆ. ನೀನು ಮದುವೆಯಾಗಿ ನೈರೋಬಿಗೆ ಹೋದ ಹೊಸದರಲ್ಲಿ ಎಂಟು ವರ್ಷದ ನಾನು ಮೈಸೂರಿನಲ್ಲಿ ಕೂತು, ನಿನ್ನ ಪತ್ರ ಓದಿ ಓದಿ ನಿನ್ನ ಲಂಗಾಟಾ ಬಡಾವಣೆಯ ನಕ್ಷೆ ಬರೆದಿದ್ದೆನಲ್ಲ, ಹಿತ್ತಲ ಬೇಲಿಗೆ ಒಂದು ಸಿಂಹವನ್ನೂ ಕಟ್ಟಿಹಾಕಿ! ಈಗ ಭೂಗೋಳದ ಟೀಚರಮ್ಮನ ಸರದಿ.

ಊರಿಗೆ ಒಂದೇ ಬೀದಿ. ಉತ್ತರದಿಂದ ದಕ್ಷಿಣಕ್ಕೆ ಹರಿಯುವ, ಪಾದ ನೆನೆಯುವಷ್ಟೇ ನೀರಿನ ತೊರೆಯ ಪಕ್ಕದಲ್ಲೇ ಅದೂ ಇಳಿಯುತ್ತದೆ. ಎರಡೂ ಕಡೆ ಮನೆ, ಪ್ರತಿ ಮನೆಯ ಹಿಂದೆ ಕಾಡಿನವರೆಗೆ ಪಟ್ಟಿಪಟ್ಟಿಯಾಗಿ ಹೊಲ. ನಡುವೆ ಅಗ್ನಿಶಾಮಕದವರ ಮನೆ, ಅದಕ್ಕೊಂದು ಮರದ ಗೋಪುರ. ನೀರಿನ ಪೈಪುಗಳನ್ನು ಅದರಲ್ಲಿ ನೇತುಹಾಕಿ ಒಣಗಿಸುತ್ತಾರೆ. ಪೂರ್ವದ ದಿಬ್ಬದ ಮೇಲೆ ನಾಲ್ಕಾರು ಮನೆ, ಪುಟ್ಟ ಕ್ರೈಸ್ತ ಮಂದಿರ, ಗಂಟೆ, ದೊಡ್ಡ ಲಿಂಡನ್ ಮರ. ದಕ್ಷಿಣದ ತುದಿಗೆ ಬಸ್ ನಿಲ್ದಾಣ. ಅದರಾಚೆ ತಗ್ಗಿನಲ್ಲಿ ಒಂದು ಕೆರೆ ಇದೆ, ಹೇಳಿಕೊಳ್ಳುವಂಥದ್ದಲ್ಲ.

ನಮ್ಮದು ಉತ್ತರದ ತುದಿಯ ಮನೆ. ಹಿಂದೆ ದೊಡ್ಡ ಹಿಟ್ಟಿನ ಗಿರಣಿಯಾಗಿತ್ತಂತೆ. ದಪ್ಪ ಕಲ್ಲಿನ ಗೋಡೆ, ಬೇಸಿಗೆಯಲ್ಲೂ ತಂಪು. ಬೆಳಿಗ್ಗೆ ಮಂಚದಲ್ಲಿ ಮಲಗಿದ್ದಂತೆಯೇ ಓಕ್ ಮರಗಳ ಸಾಲು ಕಾಣುತ್ತದೆ, ಯಾರೋ ಅಳತೆ ಹಿಡಿದು ನೆಟ್ಟಂತೆ. ಅವುಗಳ ಬುಡ ನಮ್ಮ ಚಿಮಣಿಗಿಂತ ಎತ್ತರ. ಸೂರ್ಯ ಆ ಮರಗಳ ಸಂದಿನಿಂದ ಬರುತ್ತಾನೆ. ಪ್ರಾರ್ಥನಾ ಆ ಕಿಟಕಿಗೇ ಮನಸೋತು ಈ ಮನೆ ಹಿಡಿದಳು.

ಫ್ಲಾವಿಯಾ ಅವರ ಸುದ್ದಿ ಭಾವ ಹೇಳಿದರು. ಇಪ್ಪತ್ತು ವರ್ಷ ನಿನ್ನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು ಹೀಗೆ ಹೋದರೆ ಏನು ಬರೆಯಲಿ? ಅಲ್ಲಿ ಮಳೆ ನಿಂತಿದೆಯೇ? ಊಟ ಬಿಡಬೇಡ.

ಪವನ್


ಲಂಗಾಟಾ, ನೈರೋಬಿ, 26 ಮೇ 2024

ಪುಟ್ಟ,

ನಕ್ಷೆ ಲಗತ್ತಿಸಿದ್ದೇನೆ. ಉತ್ತರ ಪತ್ರಿಕೆ ತಿದ್ದುವ ನಡುವೆ ಬರೆದದ್ದು, ಗೆರೆ ಸೊಟ್ಟಗಿದ್ದರೆ ಮಕ್ಕಳ ಮೇಲಿನ ಸಿಟ್ಟು ಎಂದುಕೋ. ನಿನ್ನ ಭಾವ ಅನಂತ್ ಅವರು ಹಿಂದಿನಿಂದ ಬಗ್ಗಿ ನೋಡಿ, "ಇದೇನೇ, ಪ್ರಾಜೆಕ್ಟ್ ವರ್ಕಾ?" ಅಂದರು.

ಮಳೆ ನಿಂತಿದೆ. ನಮ್ಮ ಬೀದಿಯ ಕೊನೆಯ ಸೇತುವೆಯ ಹತ್ತಿರ ಇನ್ನೂ ಬಿದಿರು, ಪ್ಲಾಸ್ಟಿಕ್, ಯಾರದೋ ಮನೆಯ ಬಾಗಿಲು ಸಿಕ್ಕಿಕೊಂಡಿದೆ. ಗೇಟಿನ ಕಾವಲುಗಾರ ದಿನಾ ನನ್ನನ್ನು ನೋಡಿದ ಕೂಡಲೇ "ಪೋಲೆ, ಮಾಮಾ" ಎನ್ನುತ್ತಾನೆ, ದುಃಖವಾಯಿತಮ್ಮಾ ಎಂದು. ಅವನಿಗೂ ಬೇರೆ ಮಾತು ಬರುತ್ತಿಲ್ಲ, ಪಾಪ.

ನಿನ್ನ ಊರು ಚೆನ್ನಾಗಿದೆ, ಆದರೆ ವರ್ಣನೆ ಕಳಪೆ. ನೂರಕ್ಕೆ ನಲವತ್ತು. ಕೆರೆಯನ್ನು ಬಸ್ ನಿಲ್ದಾಣದ ಆಚೆ ನೀಲಿ ಬಳಿದಿದ್ದೇನೆ. ಎಷ್ಟು ದೊಡ್ಡದು, ಏರಿ ಯಾವ ಕಡೆ, ಕೋಡಿ ಎಲ್ಲಿ, ಒಂದನ್ನೂ ಹೇಳಿಲ್ಲ. ಮೈಸೂರಿನ ಹುಡುಗ ಕೆರೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾನೆಯೇ? ಓಕ್ ಮರಗಳನ್ನು ಎಲ್ಲಿಡಬೇಕೋ ತಿಳಿಯದೆ ನಿನ್ನ ಮನೆಯ ಹಿಂದೆ ಒಂದು ಗುಡ್ಡ ಮಾಡಿ ಅದರ ಮೇಲೆ ನಿಲ್ಲಿಸಿದ್ದೇನೆ. ಗುಡ್ಡದ ಮೇಲೆ ಮರಗಳು ಅಷ್ಟು ನೇರ ಸಾಲಿನಲ್ಲಿ ಯಾಕಿವೆ, ಕೇಳಿ ತಿಳಿಸು. ಊರಿನ ಚರಿತ್ರೆಯನ್ನೂ ಬರಿ, ಇನ್ನೂರು ಜನರ ಊರಿಗೆ ಅಷ್ಟು ದೊಡ್ಡ ಗಿರಣಿ ಯಾಕೆ ಬೇಕಿತ್ತು?

ಪ್ರಾರ್ಥನಾಳಿಗೆ ಸ್ವೆಟರ್ ಕಳಿಸಲೇ ಎಂದು ಕೇಳು. ಇಲ್ಲಿ ಜೂನ್ ಚಳಿ ಶುರುವಾಗುತ್ತಿದೆ.

ಅಕ್ಕ


ಯಾವೊರಿನ್ಕಾ, 9 ಜೂನ್ 2024

ಅಕ್ಕ,

ನಲವತ್ತು ಅಂಕಕ್ಕೆ ಮರುಮೌಲ್ಯಮಾಪನ ಕೋರುತ್ತೇನೆ! ನಿನ್ನ ನಕ್ಷೆ ಹೆಚ್ಚುಕಡಿಮೆ ಸರಿ. ಮಂದಿರ ಸ್ವಲ್ಪ ಬಲಕ್ಕೆ ಸರಿಯಬೇಕು. ಗುಡ್ಡ ಇರಲಿ ಬಿಡು. ಕೆರೆಯೂ ಇರುವಲ್ಲೇ ಇರಲಿ, ಚಿಕ್ಕದು, ಬಾತುಕೋಳಿಗಳಿಗೆ ಸಾಕಾಗುವಷ್ಟು.

ಚರಿತ್ರೆ ಕೇಳಿದೆಯಲ್ಲ. ಊರು ಐನೂರು ವರ್ಷ ಹಳೆಯದು. ಎರಡನೇ ಮಹಾಯುದ್ಧ ಮುಗಿಯುವವರೆಗೂ ಇಲ್ಲಿದ್ದವರು ಜರ್ಮನ್ ಮಾತಿನವರು, ಒಂಬೈನೂರು ಜನ. ಯುದ್ಧ ಮುಗಿದ ಮರುವರ್ಷ ಒಬ್ಬೊಬ್ಬರಿಗೂ ಒಂದೊಂದು ಮೂಟೆ ಹೊರಿಸಿ ರೈಲು ಹತ್ತಿಸಿದರಂತೆ. ಆಮೇಲೆ ಬೇರೆ ಬೇರೆ ಕಡೆಯಿಂದ ಜನ ಬಂದರು, ಮನೆಗಳೆಲ್ಲ ತುಂಬಲಿಲ್ಲ. ಬೀದಿಯಲ್ಲಿ ನಡೆಯುವಾಗ ತುರಿಕೆ ಗಿಡಗಳ ನಡುವೆ ಇದ್ದಕ್ಕಿದ್ದಂತೆ ನೆಲಮಾಳಿಗೆಯ ಮೆಟ್ಟಿಲು ಕಾಣುತ್ತವೆ, ಮೇಲೆ ಮನೆಯೇ ಇಲ್ಲ. ಸಂಜೆ ಆ ಕಡೆ ಹೋಗಲು ಪ್ರಾರ್ಥನಾ ಒಪ್ಪುವುದಿಲ್ಲ.

ಇನ್ನೊಂದು ಕುರುಹು ಇದೆ, ಇದನ್ನು ನೀನು ಖಂಡಿತ ಬರೆಯಬೇಕು. ನಮ್ಮ ಮನೆಯ ತಿರುವಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಶಿಲುಬೆ. ಹಿಂದಿನ ಕಾಲದಲ್ಲಿ ಕೊಲೆ ಮಾಡಿದವನು ಸತ್ತವನ ಮನೆಯವರೊಂದಿಗೆ ರಾಜಿಯಾಗಬೇಕಾದರೆ ತನ್ನ ಕೈಯಾರೆ ಇಂಥದೊಂದು ಕಡೆದು ನಿಲ್ಲಿಸಬೇಕಿತ್ತಂತೆ. ಇದನ್ನು ಕಡೆದವನು ನಮ್ಮ ಗಿರಣಿಯ ಯಜಮಾನನೇ. ಅವನು ಯಾರನ್ನು ಕೊಂದ ಎಂಬುದರ ಬಗ್ಗೆ ಊರಿನಲ್ಲಿ ಒಮ್ಮತವಿಲ್ಲ.

ಗಿರಣಿಯ ಬಾಗಿಲ ಚೌಕಟ್ಟಿನಲ್ಲಿ ಒಂದು ಹಿತ್ತಾಳೆಯ ಗೆರೆಯೂ ಇದೆ, ನನ್ನ ಎದೆಯೆತ್ತರಕ್ಕೆ, ಪಕ್ಕದಲ್ಲಿ 1997 ಎಂದು ಕೊರೆದಿದೆ. ಯಾರೋ ಮಗುವಿನ ಎತ್ತರ ಅಳೆದಿಟ್ಟಿರಬೇಕು. ನೀನು ನನ್ನನ್ನು ಅಡುಗೆಮನೆಯ ಬಾಗಿಲಿಗೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದೆಯಲ್ಲ, ಅದು ನೆನಪಾಯಿತು.

ಭಾವನಿಗೆ ನಮಸ್ಕಾರ. ಸ್ವೆಟರ್ ಬೇಡ, ಇವಳಿಗೆ ಈಗಾಗಲೇ ನಾಲ್ಕಿವೆ.

ಪವನ್


ಲಂಗಾಟಾ, 7 ಜುಲೈ 2024

ಪವನ್,

ಬರೆಯಲು ತಡವಾಯಿತು. ಇಲ್ಲಿ ಜೂನ್ ಕೊನೆಗೆ ಗಲಾಟೆ, ಪೇಟೆಯಲ್ಲಿ ಹುಡುಗ ಹುಡುಗಿಯರ ಮೆರವಣಿಗೆ, ಅಶ್ರುವಾಯು, ಗುಂಡು. ಮಟಾಟು ವ್ಯಾನುಗಳು ನಿಂತುಹೋಗಿ ನಿನ್ನ ಭಾವ ಕ್ಲಿನಿಕ್‌ನಿಂದ ನಡೆದುಕೊಂಡೇ ಬಂದರು. ಅದು ತಣ್ಣಗಾದ ಮೇಲೆ ನಿನ್ನ ಪತ್ರ ಮತ್ತೆ ತೆಗೆದು ಕೂತೆ.

ಹೊಸ ನಕ್ಷೆ ಬರೆಯಲು ಆಗುತ್ತಿಲ್ಲ. ನಾಲ್ಕು ಹಾಳೆ ಹರಿದೆ. ಕಾರಣ ಹೇಳುತ್ತೇನೆ, ನಗಬೇಡ.

ತೊರೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ ಎಂದೆ. ಗಿರಣಿ ಉತ್ತರದ ತುದಿಯಲ್ಲಿ, ಕೆರೆ ದಕ್ಷಿಣದ ತುದಿಯಲ್ಲಿ. ಗಿರಣಿಯ ಚಕ್ರಕ್ಕೆ ನೀರು ಎಲ್ಲಿಂದ ಬಂತು? ಒಂಬೈನೂರು ಜನರ ಹಿಟ್ಟು ಬೀಸುವ ಚಕ್ರ ಪಾದ ನೆನೆಯುವಷ್ಟು ತೊರೆಗೆ ತಿರುಗುವುದಿಲ್ಲ. ನೀರನ್ನು ಮೇಲೆ ಎಲ್ಲೋ ಕಟ್ಟಿ ನಿಲ್ಲಿಸಿರಬೇಕು. ಕೆಳಗಿನ ಕೆರೆಯ ನೀರು ಮೇಲಿನ ಗಿರಣಿಗೆ ಹತ್ತಿಹೋಗುವ ಊರನ್ನು ನಾನು ಇಪ್ಪತ್ತಾರು ವರ್ಷದ ಪಾಠದಲ್ಲಿ ಕಂಡಿಲ್ಲ.

ಎರಡನೆಯದು, ಮಗುವಿನ ಎತ್ತರವನ್ನು ಒಂದೇ ಸಲ ಅಳೆದು ಹಿತ್ತಾಳೆ ಯಾರೂ ಹೊಡೆಯುವುದಿಲ್ಲ ಕಣೋ. ನೀನು ವರ್ಷಕ್ಕೆ ಮೂರು ಸಲ ಬಂದು ನಿಲ್ಲುತ್ತಿದ್ದೆ. 1997ರ ಜುಲೈಯಲ್ಲಿ ಆ ಕಡೆಯ ಬೆಟ್ಟಗಳಲ್ಲೆಲ್ಲ ಪ್ರವಾಹ ಬಂದಿತ್ತು. ಅದನ್ನು ಹುಡುಕಿ ಓದಿದೆ, ಚರಿತ್ರೆ ಓದುವುದಕ್ಕೆ ನಮ್ಮ ನಿಯಮದ ಅಡ್ಡಿಯಿಲ್ಲ.

ಇನ್ನು ಆ ಓಕ್ ಮರಗಳು. ಗುಡ್ಡದ ಮೇಲೆ ಯಾಕೆ ಸಾಲಾಗಿವೆ ಎಂದು ಕೇಳಿದ್ದೆ, ನೀನು "ಗುಡ್ಡ ಇರಲಿ ಬಿಡು" ಎಂದೆ.

ಸುಮ್ಮನೆ ಕೇಳುತ್ತಿದ್ದೇನೆ, ಕೆರೆ ಎಲ್ಲಿದೆ?

ಅಕ್ಕ


ಯಾವೊರಿನ್ಕಾ, 28 ಜುಲೈ 2024

ಪ್ರೀತಿಯ ಅಕ್ಕ,

ಏನಿದು, ಆಟಕ್ಕೆ ಕೂತವಳು ಪೊಲೀಸ್ ತನಿಖೆ ಶುರುಮಾಡಿದ್ದೀಯ! ಗಿರಣಿಗೆ ಹಿಂದೆ ಒಂದು ಕಾಲುವೆ ಇತ್ತಂತೆ, ಈಗ ಮುಚ್ಚಿಹೋಗಿದೆ. ಹಿತ್ತಾಳೆಯ ವಿಷಯ ನೀನು ಹೇಳಿದಂತೆಯೇ ಇರಬಹುದು, ನನಗೆ ಹೊಳೆಯಲಿಲ್ಲ. ಅದು ಮೂವತ್ತು ವರ್ಷದ ಹಿಂದಿನ ಮಾತು. ಆಮೇಲೆ ಎಲ್ಲವನ್ನೂ ಸರಿಮಾಡಿದ್ದಾರೆ.

ನಿಜ ಹೇಳಲೇ? ನನಗೆ ನಿನ್ನದೇ ಯೋಚನೆ. ಶಾಲೆಗೆ ಹೋಗುತ್ತಿದ್ದೀಯಲ್ಲ? ಭಾನುವಾರದ ಕಾಲ್‌ನಲ್ಲಿ ನೀನು ಎರಡು ನಿಮಿಷಕ್ಕೇ ಫೋನನ್ನು ಭಾವನ ಕೈಗೆ ಕೊಟ್ಟುಬಿಡುತ್ತೀಯ. ಪತ್ರ ಮಾತ್ರ ಮೈಲುದ್ದ, ಅದರ ತುಂಬ ನೀರು. ಡಾಕ್ಟರರ ಹೆಂಡತಿ ನೀನು, ಯಾರ ಹತ್ತಿರವಾದರೂ ಕೂತು ಮಾತಾಡಬಾರದೇ? ಅದರಲ್ಲಿ ನಾಚಿಕೆಯೇನು?

ಊರಿನ ಒಳ್ಳೆಯ ಸುದ್ದಿ ಕೇಳು. ಲಿಂಡನ್ ಹೂವು ಬಿಟ್ಟು ಬೀದಿಯೆಲ್ಲ ಘಮ್ಮೆನ್ನುತ್ತಿತ್ತು. ಪ್ರಾರ್ಥನಾ ಪಟ್ಟಣದ ಮಕ್ಕಳಿಗೆ ಇಂಗ್ಲಿಷ್ ಪಾಠ ಶುರುಮಾಡಿದ್ದಾಳೆ. ನನ್ನನ್ನು ಕಂಡರೆ ಊರವರು ಈಗ ಪರದೆ ಸರಿಸುವುದಿಲ್ಲ, ಬಿಯರ್ ಕೊಡಲು ಕರೆಯುತ್ತಾರೆ. ಕುಡಿಯುವುದಿಲ್ಲ ಎಂದರೆ ಕಾಯಿಲೆಯೇ ಎಂದು ಕೇಳುತ್ತಾರೆ.

ಪವನ್


ಲಂಗಾಟಾ, 11 ಆಗಸ್ಟ್ 2024

ಪವನ್,

ನಕ್ಷೆ ಲಗತ್ತಿಸಿದ್ದೇನೆ. ಇದು ಐದನೆಯದು, ಇದಕ್ಕೆ ನಿನ್ನ ಕೆಂಪು ಶಾಯಿ ಬೇಡ.

ಬಸ್ ನಿಲ್ದಾಣದ ಆಚೆಯ ಕೆರೆಯನ್ನು ಅಳಿಸಿದ್ದೇನೆ. ಅಲ್ಲಿ ಕೆರೆಯಿಲ್ಲ. ಕೆರೆ ಇರುವುದು ಈಶಾನ್ಯಕ್ಕೆ, ಊರಿನ ತಲೆಯ ಮೇಲೆ. ನೀನು ಮಂಚದಿಂದ ನೋಡುವ ಓಕ್ ಮರಗಳು ಗುಡ್ಡದ ಮೇಲಿಲ್ಲ, ಏರಿಯ ಮೇಲಿವೆ. ಮಣ್ಣು ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು ನೆಟ್ಟದ್ದು, ಅದಕ್ಕೇ ನೇರ ಸಾಲು. ಅವುಗಳ ಬುಡ ನಿಮ್ಮ ಚಿಮಣಿಗಿಂತ ಎತ್ತರ ಎಂದು ನೀನೇ ಬರೆದಿದ್ದೀಯ. ಅಂದರೆ ಆ ಕಡೆ ನೀರೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ನನ್ನ ತಮ್ಮನೂ ಅವನ ಹೆಂಡತಿಯೂ ಆ ಏರಿಯ ಬುಡದಲ್ಲಿ ಮಲಗುತ್ತಿದ್ದಾರೆ, ಸೂರ್ಯ ಚೆನ್ನಾಗಿ ಕಾಣುತ್ತಾನೆ ಎಂದು.

ನನಗೆ ಮೈಯೆಲ್ಲ ಉರಿಯುತ್ತಿದೆ. ಮನೆಗಾಗಿ ಅಲ್ಲ. ನಮ್ಮ ನಕ್ಷೆಯಲ್ಲಿ ನೀನು ಸುಳ್ಳು ಬರೆದೆ. ತಪ್ಪು ಬರೆಯಬಹುದು, ಮರೆಯಬಹುದು, ಬೇಲಿಗೆ ಸಿಂಹ ಕಟ್ಟಬಹುದು. ಬೇಕೆಂದೇ ಒಂದು ಕೆರೆಯನ್ನು ಎತ್ತಿ ಬೇರೆ ಕಡೆ ಇಡುವುದು ಈ ಆಟದಲ್ಲಿ ಇರಲಿಲ್ಲ.

ಯಾಕೆ ಇಷ್ಟು ಕೂಗಾಡುತ್ತಿದ್ದೇನೆ ಎಂದು ನಿನ್ನ ಭಾವನಂತೆ ನೀನೂ ಕೇಳಬೇಡ. ಆ ಏಪ್ರಿಲ್ ದಿನ ಫ್ಲಾವಿಯಾ ನಮ್ಮ ಬೀದಿಯ ಸೇತುವೆಯ ಹತ್ತಿರ, ಹಳ್ಳದ ಆ ದಡದಲ್ಲಿ ಕಾರು ನಿಲ್ಲಿಸಿ ನನಗೆ ಫೋನ್ ಮಾಡಿದ್ದಳು. "ಎಂತ ಆಗುದಿಲ್ಲ ತಾರಾ, ನೀರು ಕಡಿಮೆ ಉಂಟು, ಹೀಗೆ ದಾಟಿ ಬರ್ತೇನೆ, ಚಾ ಇಡು" ಅಂದಳು. ಎಷ್ಟು ಖುಷಿಯ ದನಿ! ನಾನು ಚಹಾ ಇಟ್ಟೆ. ಏನಾಗಲ್ಲ ಎಂಬ ಮಾತನ್ನು ಇನ್ನು ಯಾರ ಬಾಯಿಂದಲೂ ಕೇಳಲಾರೆ.

ನಿಜ ಬರೆಯುವುದಾದರೆ ಬರಿ. ಇನ್ನೊಂದು ಸುಳ್ಳಿದ್ದರೆ ಬರೆಯಲೇಬೇಡ.

ತಾರಾ


ಯಾವೊರಿನ್ಕಾ, 30 ಆಗಸ್ಟ್ 2024

ಅಕ್ಕ,

ನಿನ್ನ ಐದನೇ ನಕ್ಷೆ ಸರಿ. ಕೆರೆಯ ಆಕಾರ ಸಹ ಸರಿಯಾಗಿ ಬಂದಿದೆ. ಅದನ್ನು ನೋಡಿ ಪ್ರಾರ್ಥನಾ, "ಅತ್ತಿಗೆ ಇಲ್ಲಿಗೆ ಬಂದು ಹೋದ್ರಾ?" ಅಂದಳು.

ಸುಳ್ಳು ಯಾಕೆ ಬರೆದೆ ಎಂದರೆ, ಭಾವ ಹೇಳಿದ್ದರು. ಮೇ ತಿಂಗಳಲ್ಲಿ ಮನೆ ಸಿಕ್ಕಿತು ಎಂದು ಮೊದಲು ಅವರಿಗೇ ಫೋನ್ ಮಾಡಿದ್ದೆ. "ಪವನ್, ಅವಳಿಗೆ ನೀರಿನ ವಿಷ್ಯ ಮಾತ್ರ ಬರೀಬೇಡ ಮಾರಾಯ, ಮಳೆ ಸದ್ದು ಕೇಳಿದ್ರೇ ಎದ್ದು ಕೂತ್ಕೋತಾಳೆ, ಸ್ವಲ್ಪ ದಿನ ಮ್ಯಾನೇಜ್ ಮಾಡು" ಅಂದರು. ಅವರ ಮೇಲೆ ಸಿಟ್ಟಾಗಬೇಡ. ಕೆರೆಯನ್ನು ಬಿಟ್ಟುಬಿಡಬಹುದಿತ್ತು. ಆದರೆ ಕೆರೆಯಿಲ್ಲದ ಊರು ಎಂದರೆ ನೀನು ನಂಬುತ್ತಿರಲಿಲ್ಲ, ಅದಕ್ಕೇ ಕೆಳಗಿಟ್ಟೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟಿದ್ದೆ, ನೋಡು.

ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕೆರೆ ದೊಡ್ಡದು. ಇಲ್ಲಿಯವರು ಅದರಲ್ಲಿ ಗೆಂಡೆ ಮೀನು ಸಾಕುತ್ತಾರೆ. ಕ್ರಿಸ್ಮಸ್ ಊಟಕ್ಕೆ ಆ ಮೀನೇ ಆಗಬೇಕು, ಇಲ್ಲದಿದ್ದರೆ ಹಬ್ಬವೇ ಅಲ್ಲ. ಅಕ್ಟೋಬರ್‌ನಲ್ಲಿ ತೂಬು ತೆಗೆದು ಕೆರೆ ಬರಿದುಮಾಡುತ್ತಾರೆ, ಊರಿಗೆ ಊರೇ ಕೆಸರಿಗಿಳಿದು ಮೀನು ಬಾಚುತ್ತದೆ. ಅಲ್ಲಿಯವರೆಗೆ ನೀರನ್ನು ಒಂದು ಗೇಣೂ ಇಳಿಸಲು ಮೀನು ಸಂಘದವರು ಬಿಡುವುದಿಲ್ಲ, ಈಗ ಮೀನು ಕೊಬ್ಬುವ ಕಾಲವಂತೆ.

ಏರಿಯ ಬುಡದಲ್ಲಿ, ನಮ್ಮ ಹಿತ್ತಲ ಗೋಡೆಯ ಆಚೆಗೆ, ಒಂದು ಕಡೆ ನೆಲ ಸದಾ ಒದ್ದೆ. ಜುಲೈಯಲ್ಲಿ ಚಾಪೆಯಗಲ ಇತ್ತು, ಈಗ ಒಂದು ಕೋಣೆಯಗಲ. ಕಾಲಿಟ್ಟರೆ ಮೆತ್ತಗೆ ಇಳಿಯುತ್ತದೆ. ನಗರಸಭೆಯಂಥ ಕಚೇರಿಯಿಂದ ಒಬ್ಬರು ಬಂದು ನೋಡಿ, ಅಕ್ಟೋಬರ್‌ನಲ್ಲಿ ಕೆರೆ ಬರಿದಾದ ಮೇಲೆ ರಿಪೇರಿ ಎಂದು ಹೇಳಿ ಹೋದರು.

ಮತ್ತೊಂದು ನಿಜವನ್ನೂ ಹೇಳಿಬಿಡುತ್ತೇನೆ. ಇಲ್ಲಿ ಅಗ್ನಿಶಾಮಕದವರು ಸರ್ಕಾರಿ ನೌಕರರಲ್ಲ, ಊರವರೇ. ಬಡಗಿ, ಟ್ರ್ಯಾಕ್ಟರ್ ಡ್ರೈವರ್, ಬೇಕರಿಯವ. ಮರದ ಗೋಪುರದ ಮೇಲಿನ ಸೈರನ್ ಕೂಗಿದರೆ ಅನ್ನ ಬಿಟ್ಟು ಓಡಬೇಕು. ಜೂನ್‌ನಲ್ಲಿ ನನ್ನನ್ನೂ ಸೇರಿಸಿಕೊಂಡರು. ನಾಯಕ ಪಾನ್ ಹ್ರುಷ್ಕಾ, ಅಂದರೆ ಹ್ರುಷ್ಕಾ ಅವರು, ಅರವತ್ತೈದರ ಮನುಷ್ಯ, ತಮ್ಮ ಕೈಯಾರೆ ನನಗೆ ಹೆಲ್ಮೆಟ್ ಹಾಕಿ, "ಇನ್ನು ನೀನು ಬಾಡಿಗೆಯವನಲ್ಲ, ಊರಿನವನು" ಎಂದರು. ಈ ದೇಶಕ್ಕೆ ಬಂದು ಆರು ವರ್ಷವಾಯಿತು ಅಕ್ಕ, ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಅಂದು ಕಣ್ಣು ತುಂಬಿ ಬಂತು.

ಪವನ್


ಲಂಗಾಟಾ, 3 ಸೆಪ್ಟೆಂಬರ್ 2024

ಪುಟ್ಟ,

ಪತ್ರ ಓದಿ ಮೊದಲು ಅತ್ತೆ, ಆಮೇಲೆ ನಿನ್ನ ಭಾವನ ಜೊತೆ ಜಗಳವಾಡಿದೆ. ಈಗ ಇಬ್ಬರೂ ಮಾತಾಡುತ್ತಿದ್ದೇವೆ.

ನೀನು ನಿಜ ಬರೆದೆ, ನಾನೂ ಬರೆಯುತ್ತೇನೆ. ಏಪ್ರಿಲ್‌ನಿಂದ ಶಾಲೆಗೆ ಹೋಗಿಲ್ಲ. ಉತ್ತರ ಪತ್ರಿಕೆ ಎಂದೆಲ್ಲ ಬರೆದದ್ದು ಸುಳ್ಳು. ಶಾಲೆಗೆ ಹೋಗಬೇಕಾದರೆ ಆ ಸೇತುವೆ ದಾಟಬೇಕು. ಅದರ ಹತ್ತಿರ ಹೋಗಿ ಮೂರು ಸಲ ವಾಪಸು ಬಂದೆ. ದಿನವೆಲ್ಲ ಊಟದ ಮೇಜಿನ ಮೇಲೆ ನಿನ್ನ ಯಾವೊರಿನ್ಕಾ ಹರಡಿಕೊಂಡು ಕೂರುತ್ತೇನೆ.

ಇನ್ನೊಂದಿದೆ. ಫ್ಲಾವಿಯಾಳ ಗಂಡ ಆಲ್ಫ್ರೆಡ್ ಪ್ರತಿ ಭಾನುವಾರ ಚರ್ಚ್ ಮುಗಿಸಿ ಬಂದು ಅದೇ ಪ್ರಶ್ನೆ ಕೇಳುತ್ತಾರೆ. "ತಾರಾ, ಲಾಸ್ಟಿಗೆ ಅವಳು ಮಾತಾಡಿದ್ದು ನಿಮ್ಮತ್ರ ಅಲ್ವಾ, ಎಂತ ಹೇಳಿದ್ದು ಅವಳು?" ಚಾ ಇಡು ಎಂದಳು ಅಂತ ಹೇಳಲೇ? "ನಿಮ್ಮನ್ನ ನೆನೆಸಿಕೊಂಡಳು, ಆಲ್ಫ್ರೆಡ್‌ಗೆ ಹೇಳು ಅಂದಳು" ಎಂದುಬಿಟ್ಟೆ. ಆ ಮನುಷ್ಯನ ಮುಖ ನೀನು ನೋಡಬೇಕಿತ್ತು. ಆ ಒಂದು ಮಾತು ಹಿಡಿದುಕೊಂಡು ಮುಂದಿನ ಭಾನುವಾರದವರೆಗೆ ಬದುಕುತ್ತಾರೆ, ಮತ್ತೆ ಬಂದು ಕೇಳುತ್ತಾರೆ, ನಾನು ಮತ್ತೆ ಹೇಳುತ್ತೇನೆ.

ಈಗ ನನ್ನ ಮಾತು ಕೇಳು. ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಇನ್ನೂ ಸಮಯವಿದೆ ಎಂದು ಅರ್ಥ. ಕದಡಿದ್ದರೆ ಏರಿಯ ಮಣ್ಣೇ ಒಳಗಿಂದ ಕರಗಿ ಬರುತ್ತಿದೆ ಎಂದು ಅರ್ಥ. ದಿನಾ ಹೋಗಿ ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡು. ಅದಕ್ಕಿಂತ ಮೊದಲು ಮನೆ ಬಿಡು. ಊರಿನವನು ಎನಿಸಿಕೊಳ್ಳಲು ಗಿರಣಿಯಲ್ಲೇ ಇರಬೇಕಾಗಿಲ್ಲ, ದಿಬ್ಬದ ಮೇಲೂ ಮನೆಗಳಿವೆ, ನಾನೇ ಬರೆದಿದ್ದೇನೆ.

ಅಕ್ಕ


ಯಾವೊರಿನ್ಕಾ, 11 ಸೆಪ್ಟೆಂಬರ್ 2024

ಅಕ್ಕ,

ಇಂದಿಗೂ ತಿಳಿಯಾಗಿದೆ. ಲೋಟದ ಫೋಟೋ ಕಳಿಸಿದ್ದೇನೆ.

ಆದರೆ ನೀನು ಹೇಗೂ ಸುದ್ದಿ ನೋಡುತ್ತೀಯ, ನಾನೇ ಹೇಳುತ್ತೇನೆ. ನಾಳೆಯಿಂದ ನಾಲ್ಕು ದಿನ ಭಾರೀ ಮಳೆಯಂತೆ. ಎರಡು ತಿಂಗಳ ಮಳೆ ಒಟ್ಟಿಗೇ ಬರಬಹುದು ಎನ್ನುತ್ತಿದ್ದಾರೆ. ನಿನ್ನೆ ಊರಿನ ಸಭೆಯಲ್ಲಿ ನಾನು ನಿನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ, ಹರಕುಮುರುಕು ಜೆಕ್‌ನಲ್ಲಿ ಕೆರೆ ಇಳಿಸಿ ಎಂದೆ. ಮೀನು ಸಂಘದವರು ಮೊದಲು ನಕ್ಕರು. ಪಾನ್ ಹ್ರುಷ್ಕಾ ಮೇಜು ಗುದ್ದಿದ ಮೇಲೆ ಒಪ್ಪಿದರು. ತೂಬು ಎತ್ತಲು ಹೋದರೆ ಅರ್ಧಕ್ಕೆ ಸಿಕ್ಕಿಕೊಂಡಿತು. ನೀರು ಇಳಿಯುತ್ತಿದೆ, ತುಂಬ ನಿಧಾನಕ್ಕೆ. ಆಫ್ರಿಕಾದಲ್ಲಿ ಕೂತು ನಮ್ಮ ಊರು ಬರೆದವರು ಯಾರು ಎಂದು ಎಲ್ಲರೂ ಕೇಳಿದರು. ನನ್ನ ಅಕ್ಕ ಎಂದೆ.

ಪ್ರಾರ್ಥನಾಳನ್ನು ಇಂದು ಸಂಜೆಯೇ ಪಟ್ಟಣಕ್ಕೆ ಬಿಡುತ್ತೇನೆ. ಫ್ಯಾಕ್ಟರಿಯ ಗೆಳೆಯ ರೋಹನ್‌ನ ಮನೆ ಮೂರನೇ ಮಹಡಿಯಲ್ಲಿದೆ, ಅವನ ಹೆಂಡತಿ ಊಟಕ್ಕೆ ಕಾಯುತ್ತಿದ್ದಾಳೆ. ಇವಳು ಜಗಳವಾಡುತ್ತಿದ್ದಾಳೆ, "ನೀನು ಬರದಿದ್ರೆ ನಾನೂ ಹೋಗಲ್ಲ" ಅಂತ. ನಾನು ಹೇಗೆ ಹೋಗಲಿ? ಸೈರನ್ ಕೂಗಿದಾಗ ಬರುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟು ಹೆಲ್ಮೆಟ್ ಹಾಕಿಕೊಂಡವನು.

ಪವನ್


ಲಂಗಾಟಾ, 12 ಸೆಪ್ಟೆಂಬರ್ 2024

ಪುಟ್ಟ,

ಐದು ಸಲ ಫೋನ್ ಮಾಡಿದೆ. ಕೆಲಸದಲ್ಲಿರುತ್ತೀಯ, ಗೊತ್ತು. ಇದನ್ನು ಓದಿದ ಕೂಡಲೇ ಹೊರಡು. ಹೆಲ್ಮೆಟ್ಟನ್ನು ಬಾಗಿಲಲ್ಲಿಟ್ಟು ಹೊರಡು. ಊರಿನವರು ಏನಾದರೂ ಅಂದುಕೊಳ್ಳಲಿ. ಬೇಕಾದರೆ ಅಕ್ಕನಿಗೆ ಹುಚ್ಚು ಹಿಡಿದಿದೆ, ಹೋಗಲೇಬೇಕು ಎಂದು ಹೇಳು, ನನಗೇನೂ ಬೇಸರವಿಲ್ಲ.

ಹೋಗುವುದೇ ಇಲ್ಲವೆಂದರೆ, ಏರಿಯ ಮೇಲೆ ಮಾತ್ರ ನಿಲ್ಲಬೇಡ. ಓಕ್ ಮರ ಹಿಡಿದುಕೊಳ್ಳುತ್ತದೆ ಎಂದು ನಂಬಬೇಡ. ಹಳೆಯ ಬೇರು ಕೊಳೆತರೆ ಅದೇ ನೀರಿಗೆ ದಾರಿ. ಪೂರ್ವದ ದಿಬ್ಬದಲ್ಲಿ ಇರು, ಮಂದಿರದ ಹತ್ತಿರ.

ನೀನು ಚೆನ್ನಾಗಿದ್ದರೆ ಸಾಕು. ನನಗೆ ಇನ್ನೇನೂ ಬೇಡ.

ಅಕ್ಕ


ಯಾವೊರಿನ್ಕಾ, 14 ಸೆಪ್ಟೆಂಬರ್ 2024

ಅಕ್ಕ,

ಬೇಗ ಬರೆಯುತ್ತೇನೆ, ಮತ್ತೆ ಕರೆಂಟ್ ಹೋಗುತ್ತದೆ.

ಪ್ರಾರ್ಥನಾ ರೋಹನ್ ಮನೆಯಲ್ಲಿದ್ದಾಳೆ. ಊರಿನ ಮುದುಕರನ್ನೂ ಮಕ್ಕಳನ್ನೂ ಬೆಳಿಗ್ಗೆ ದಿಬ್ಬಕ್ಕೆ ಹತ್ತಿಸಿದೆವು, ನೀನು ಹೇಳಿದ ಕಡೆಗೇ. ಗಿರಣಿಯಲ್ಲಿ ಈಗ ಯಾರೂ ಇಲ್ಲ.

ಸುಳ್ಳು ಬರೆಯಬೇಡ ಎಂದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನ ಲೋಟದಲ್ಲಿ ಹಿಡಿದೆ. ಹಾಲು ಹಾಕಿದ ಚಹಾದಂತಿದೆ.

ಕೆರೆ ಕೋಡಿ ಬಿದ್ದಿದೆ, ಆದರೂ ನೀರು ಏರುತ್ತಲೇ ಇದೆ. ಮರಳು ಚೀಲ ಹಾಕಲು ಹನ್ನೊಂದು ಜನ ಏರಿಗೆ ಹೊರಟಿದ್ದೇವೆ. ಹೆದರಿಕೆಯಾಗುತ್ತಿದೆ ಅಕ್ಕ, ಅದೂ ನಿಜವೇ. ಸೈರನ್ ಮತ್ತೆ ಕೂಗುತ್ತಿದೆ, ಪಾನ್ ಹ್ರುಷ್ಕಾ ಬಾಗಿಲಲ್ಲಿ ನಿಂತಿದ್ದಾರೆ. ಬಂದು ಬರೆಯುತ್ತೇನೆ.

ಪವನ್


ಲಂಗಾಟಾ, 16 ಸೆಪ್ಟೆಂಬರ್ 2024

ಪುಟ್ಟ,

ನಿನ್ನ ಫೋನ್ ರಿಂಗ್ ಆಗುತ್ತಿಲ್ಲ. ಪಾನ್ ಹ್ರುಷ್ಕಾ ಅವರ ನಂಬರಿಗೂ, ಪ್ರಾರ್ಥನಾಳ ಹತ್ತಿರ ಇದ್ದ ಬೇಕರಿಯವನ ನಂಬರಿಗೂ ಹಾಗೇ. ಟವರ್ ಬಿದ್ದಿರಬಹುದು ಎಂದು ರೋಹನ್ ಹೇಳಿದ. ಒಳ್ಳೆಯ ಹುಡುಗ.

ಯಾವೊರಿನ್ಕಾಕ್ಕೆ ದಾರಿ ಇಲ್ಲವಂತೆ. ಹೆಲಿಕಾಪ್ಟರಿನಿಂದ ತೆಗೆದ ಚಿತ್ರವನ್ನು ಅಲ್ಲಿಯ ಟಿವಿಯಲ್ಲಿ ಒಂದೇ ಕ್ಷಣ ತೋರಿಸಿದರಂತೆ, ಪ್ರಾರ್ಥನಾ ನೋಡಿ ನನಗೆ ಫೋನ್ ಮಾಡಿದಳು. ದಿಬ್ಬದ ಮೇಲೆ ಜನ ಕಂಡರಂತೆ, ಎಲ್ಲ ಕಂಬಳಿ ಹೊದ್ದವರು, ಮುಖ ತಿಳಿಯಲಿಲ್ಲವಂತೆ. ಆಮೇಲೆ, "ಅತ್ತಿಗೆ, ಓಕ್ ಮರಗಳ ಸಾಲಿನ ಮಧ್ಯೆ ಖಾಲಿ ಇದೆ" ಅಂದಳು. ಎಷ್ಟು ಖಾಲಿ ಎಂದು ನಾನು ಕೇಳಲಿಲ್ಲ. ಭೂಗೋಳದ ಟೀಚರು ನಾನು, ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಕೇಳಲಿಲ್ಲ.

ನಿನ್ನ ಭಾವ ವೀಸಾ ವಿಚಾರಿಸಲು ಹೋಗಿದ್ದಾರೆ. ನಿನ್ನೆ ಭಾನುವಾರ, ಆಲ್ಫ್ರೆಡ್ ಬಂದಿದ್ದರು. ಈ ಸಲ ಅವರು ಏನೂ ಕೇಳದೆ, ನನ್ನ ಪಕ್ಕದ ಕುರ್ಚಿಯಲ್ಲಿ ಕತ್ತಲಾಗುವವರೆಗೆ ಕೂತು ಹೋದರು. ಅವರು ವಾರವಾರ ಯಾಕೆ ಬಂದು ಕೇಳುತ್ತಿದ್ದರು ಎಂದು ನನಗೆ ಈಗ ತಿಳಿಯುತ್ತಿದೆ.

ನಾನು ಮಾಡಿದ್ದು ಅತಿಯಾಯಿತು, ಪುಟ್ಟ. ನಿಜ ಬರೆ, ನಿಜ ಬರೆ ಎಂದು ಬೆನ್ನು ಹತ್ತಿದೆ. ನೀನು ಬರೆದೆ. ಆ ಲೋಟದ ನೀರು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿಯಮ ನಾನೇ ಮಾಡಿದ್ದು, ನಾನೇ ಮುರಿಯುತ್ತಿದ್ದೇನೆ. ಕರೆಂಟ್ ಬಂದ ಕೂಡಲೇ ಒಂದು ಸಾಲು ಬರಿ. ಏರಿ ಗಟ್ಟಿಯಾಗಿದೆ ಎಂದು ಬರಿ, ನೀರು ಇಳಿದಿದೆ ಎಂದು ಬರಿ, ಬೇಕರಿಯವನ ಜೊತೆ ಕೂತು ಬಿಸಿ ಬ್ರೆಡ್ ತಿನ್ನುತ್ತಿದ್ದೇನೆ ಎಂದು ಬರಿ. ಏನಾದರೊಂದು ಸುಳ್ಳು ಬರಿ. ಈ ಸಲ ನಾನು ನಕ್ಷೆ ತೆಗೆಯುವುದಿಲ್ಲ, ತಾಳೆ ನೋಡುವುದಿಲ್ಲ, ನೀನು ಹೇಗೆ ಬರೆದರೆ ಹಾಗೆ ನಂಬುತ್ತೇನೆ.

ಅಕ್ಕ